ಗೀಸರ್‌ಗೆ ಎಂಸಿಬಿ ಇದೆ, ಅರ್ಥಿಂಗ್ ಇದೆ, ಆರ್‌ಸಿಸಿಬಿ ಮತ್ತೇಕೆ?

ಪ್ರಶ್ನೆ: ಕಲಬುರಗಿಯಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಬಚ್ಚಲಿನಲ್ಲಿ ಶವರ್, ಅದಕ್ಕೆ 3 ಕಿಲೋವಾಟ್ ಗೀಸರ್ ಬರಲಿದೆ. ಎಂಸಿಬಿಯೂ ಇದೆ, ಅರ್ಥಿಂಗ್ ಗುಂಡಿಯೂ ಇದೆ, ಆರ್‌ಸಿಸಿಬಿ ಹಾಕಿಸುವುದು ದುಡ್ಡು ದಂಡ ಎನ್ನುತ್ತಾರೆ ವೈರಿಂಗ್‌ನವರು. ಹೌದೇ?

ಉತ್ತರ: ಅಲ್ಲ. ಆರ್‌ಸಿಸಿಬಿ ಎಂದರೆ ವಿದ್ಯುತ್ ಸೋರಿದೊಡನೆ ಲೈನ್ ಕಡಿಯುವ ಸ್ವಿಚ್. ದಯವಿಟ್ಟು ಹಾಕಿಸಿಕೊಳ್ಳಿ. ಟೈಲ್ಸ್‌ನಲ್ಲಿ ಉಳಿತಾಯ ಮಾಡಿ, ಇದರಲ್ಲಿ ಬೇಡ.

ಎಂಸಿಬಿ ಇರುವುದು, ವಿದ್ಯುತ್ ಮಿತಿ ಮೀರಿ ಹರಿದಾಗ ತಾನೇ ಬಿದ್ದು (ಟ್ರಿಪ್ ಆಗಿ) ತಂತಿ ಸುಡದಂತೆ ಕಾಯಲು. 3 ಕಿಲೋವಾಟ್ ಗೀಸರ್ ಸುಮಾರು 13 ಆಂಪಿಯರ್ ಎಳೆಯುತ್ತದೆ, ಅದಕ್ಕೆ 16 ಆಂಪಿಯರ್ ಎಂಸಿಬಿ ಹಾಕುತ್ತಾರೆ. ಈಗ ಗೀಸರ್ ಒಳಗಿನ ಫೇಸ್ ತಂತಿ ಕಳಚಿ ಅದರ ಲೋಹದ ಮೈಗೆ ತಗುಲಿತು ಎಂದುಕೊಳ್ಳಿ. ವಿದ್ಯುತ್ ಅರ್ಥ್ ತಂತಿ ಹಿಡಿದು ಗುಂಡಿಗೆ ಇಳಿಯುತ್ತದೆ. ಗುಂಡಿಯ ರೋಧ 20 ಓಮ್ ಇದ್ದರೆ 230ನ್ನು 20ರಿಂದ ಭಾಗಿಸಿ ನೋಡಿ: ಹನ್ನೊಂದೂವರೆ ಆಂಪಿಯರ್. ಎಂಸಿಬಿಗೆ ಇದು ಗೀಸರ್‌ನ ಮಾಮೂಲಿ ಬಳಕೆಗಿಂತಲೂ ಕಡಿಮೆ, ಆದ್ದರಿಂದ ಅದು ಬೀಳುವುದೇ ಇಲ್ಲ. ಅಷ್ಟು ಹೊತ್ತೂ ಗೀಸರ್ ಮೈಯಲ್ಲಿ ಹೆಚ್ಚುಕಡಿಮೆ 230 ವೋಲ್ಟ್ ನಿಂತಿರುತ್ತದೆ. ಅದೇ ಅರ್ಥ್ ತಂತಿಗೆ ಸೇರಿದ ಫ್ರಿಜ್, ವಾಷಿಂಗ್ ಮಷೀನುಗಳ ಮೈಯಲ್ಲೂ ಅಷ್ಟೇ.

20 ಓಮ್ ಎಂಬುದು ಅತಿಯಾಯಿತು ಎನ್ನಬೇಡಿ. ನಮ್ಮದು ಎರೆಭೂಮಿ. ಮಳೆಗಾಲದಲ್ಲಿ ಹಸಿ ಹಿಡಿದ ಕಪ್ಪು ಮಣ್ಣು ಏಪ್ರಿಲ್–ಮೇ ಬಿಸಿಲಿಗೆ ಕೈ ತೂರುವಷ್ಟು ಬಿರಿಯುತ್ತದೆ, ಗುಂಡಿಯ ಸಲಾಕೆಗೂ ಮಣ್ಣಿಗೂ ನಡುವೆ ಹಿಡಿತ ತಪ್ಪುತ್ತದೆ. ಉಪ್ಪು, ಇದ್ದಿಲು ತುಂಬಿಸಿ ಬೇಸಿಗೆಯಲ್ಲಿ ಗುಂಡಿಗೆ ನೀರು ಹೊಯ್ಯುವ ರೂಢಿ ಒಳ್ಳೆಯದೇ, ಆದರೆ ಗೃಹಪ್ರವೇಶವಾದ ಮೇಲೆ ಎಷ್ಟು ಮನೆಗಳಲ್ಲಿ ಅದು ನಡೆಯುತ್ತದೆ? ‘ಬಲ್ಬ್ ಹಚ್ಚಿ ತೋರಿಸಿದರಲ್ಲ’ ಎಂದು ಹಲವರು ಸಮಾಧಾನ ಪಟ್ಟುಕೊಳ್ಳುತ್ತಾರೆ. ಫೇಸ್ ಮತ್ತು ಅರ್ಥ್ ನಡುವೆ ಹಿಡಿದ 100 ವಾಟ್ ಬಲ್ಬ್ ಎಳೆಯುವುದು ಅರ್ಧ ಆಂಪಿಯರ್‌ಗೂ ಕಡಿಮೆ. ಗುಂಡಿ 20 ಓಮ್ ಇದ್ದರೂ ಅದು ಝಗ್ಗನೆ ಉರಿಯುತ್ತದೆ. ಗುಂಡಿ ಚೆನ್ನಾಗಿದೆಯೇ ಎಂಬುದನ್ನು ಹೇಳಬೇಕಾದದ್ದು ಗುಂಡಿಯ ರೋಧ ಅಳೆಯುವ ಅರ್ಥ್ ಟೆಸ್ಟರ್, ಬಲ್ಬ್ ಅಲ್ಲ.

ಆರ್‌ಸಿಸಿಬಿ ಬೇರೆಯೇ ಲೆಕ್ಕ ಇಡುತ್ತದೆ. ಫೇಸ್‌ನಲ್ಲಿ ಹೋದ ವಿದ್ಯುತ್ ಅಷ್ಟೂ ನ್ಯೂಟ್ರಲ್‌ನಲ್ಲಿ ಹಿಂದಿರುಗಿತೇ ಎಂದು ಸದಾ ಹೋಲಿಸಿ ನೋಡುತ್ತದೆ. 30 ಮಿಲಿ ಆಂಪಿಯರ್‌ನಷ್ಟು ಬೇರೆ ದಾರಿ ಹಿಡಿದರೂ 0.3 ಸೆಕೆಂಡಿನೊಳಗೆ ಕಡಿಯುತ್ತದೆ. ಸೋರಿಕೆ ಅದರ ಐದು ಪಟ್ಟಾದರೆ 0.04 ಸೆಕೆಂಡ್ ಸಾಕು. ಶಹಾಬಾದ್ ಕಲ್ಲಿನ ತೊಯ್ದ ನೆಲದ ಮೇಲೆ ಬರಿಗಾಲಲ್ಲಿ ನಿಂತವರ ಮೈಯ ರೋಧ ಸಾವಿರ ಓಮ್ ಆಸುಪಾಸಿಗೆ ಇಳಿಯಬಹುದು, ಅಂದರೆ 200 ಮಿಲಿ ಆಂಪಿಯರ್‌ಗೂ ಮಿಕ್ಕು ವಿದ್ಯುತ್ ಹರಿಯುತ್ತದೆ. ಹೃದಯದ ಬಡಿತ ಹಳಿ ತಪ್ಪಲು ಅಷ್ಟು ಬೇಕಿಲ್ಲ. ಗುಂಡಿ ಒಣಗಿದ್ದರೂ ಕೆಲಸಕ್ಕೆ ಬರುವುದು ಇದೊಂದೇ ಸಾಧನ. ಹಾಗೆಂದು ಅರ್ಥಿಂಗ್ ಬಿಡುವಂತಿಲ್ಲ: ಅದಿದ್ದರೆ ಸೋರಿಕೆಯಾದ ಕ್ಷಣವೇ ಆರ್‌ಸಿಸಿಬಿ ಬೀಳುತ್ತದೆ, ಇಲ್ಲದಿದ್ದರೆ ಯಾರಾದರೂ ಮುಟ್ಟುವವರೆಗೆ ಕಾಯುತ್ತದೆ. ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಮುಟ್ಟಿದವರನ್ನು ಮಾತ್ರ ಅದೂ ಉಳಿಸಲಾರದು.

ಕೊಳ್ಳುವಾಗ ಮುಖದ ಮೇಲೆ 30 ಮಿಲಿ ಆಂಪಿಯರ್, ಇಲ್ಲವೇ 0.03 ಆಂಪಿಯರ್ ಎಂದಿರುವುದನ್ನೇ ಕೇಳಿ. 100, 300ರವೂ ಸಿಗುತ್ತವೆ. ಅವು ಬೆಂಕಿ ತಡೆಯಲು, ಬಚ್ಚಲಿಗಲ್ಲ. ಆರ್‌ಸಿಸಿಬಿ ಹೆಚ್ಚಿನ ಹೊರೆಯನ್ನು ತಡೆಯದು, ಎಂಸಿಬಿ ಜೊತೆಗಿರಲೇಬೇಕು. ಎರಡೂ ಒಂದರಲ್ಲೇ ಬೇಕಿದ್ದರೆ ಆರ್‌ಸಿಬಿಒ ಇದೆ. ಗೀಸರ್‌ಗೆ ಬೋರ್ಡಿನಿಂದಲೇ ಬೇರೆ ಲೈನ್ ಎಳೆಸಿ, 4 ಚದರ ಮಿಲಿಮೀಟರ್ ತಾಮ್ರದ ತಂತಿ ನೆಮ್ಮದಿ. ಎರಡೂ ತಂತಿ ಕಡಿಯುವ ಡಬಲ್ ಪೋಲ್ ಸ್ವಿಚ್ ಬಚ್ಚಲಿನ ಹೊರಗಿರಲಿ. ಪ್ಲಗ್ಗಿನಲ್ಲಿ ಅರ್ಥ್ ಪಿನ್ನನ್ನು ನ್ಯೂಟ್ರಲ್‌ಗೆ ಜೋಡಿಸಿ ‘ಅರ್ಥ್ ಕೊಟ್ಟಿದ್ದೇನೆ’ ಎನ್ನುವವರು ಈಗಲೂ ಇದ್ದಾರೆ. ಒಪ್ಪಬೇಡಿ, ನ್ಯೂಟ್ರಲ್ ತುಂಡಾದ ದಿನ ಗೀಸರ್ ಮೈಯೇ ಫೇಸ್ ಆಗುತ್ತದೆ.

ತಿಂಗಳಿಗೊಮ್ಮೆ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ. ಬೀಳದಿದ್ದರೆ ಬದಲಿಸಿ. ಮುಂದೆ ತಾನಾಗಿ ಪದೇ ಪದೇ ಬೀಳತೊಡಗಿದರೆ ಗೀಸರ್‌ನ ಡಬಲ್ ಪೋಲ್ ಸ್ವಿಚ್ ಆಫ್ ಮಾಡಿ ನೋಡಿ. ಆಗ ನಿಂತರೆ ತಪ್ಪು ಗೀಸರ್‌ನದು: ಬೋರ್‌ವೆಲ್‌ನ ಗಡಸು ನೀರಿನಿಂದ ಎಲಿಮೆಂಟ್ ಮೇಲೆ ಬಿಳಿ ಪೊರೆ ಕಟ್ಟಿ, ಕವಚ ಕಾದು ಬಿರುಕು ಬಿಟ್ಟಿರುತ್ತದೆ, ಎಲಿಮೆಂಟ್ ಬದಲಿಸಬೇಕು. ಆಗಲೂ ಬೀಳುತ್ತಿದ್ದರೆ ತೇವ ಹಿಡಿದ ವೈರಿಂಗ್ ಪೈಪಿನಲ್ಲೋ, ಬೇರೆ ಲೈನಿನ ನ್ಯೂಟ್ರಲ್ ಜೊತೆ ಕೂಡಿಸಿದ ಜೋಡಣೆಯಲ್ಲೋ ದೋಷವಿದೆ. ಆ ಹೊತ್ತಿಗೆ ಬರುವ ಮೆಕ್ಯಾನಿಕ್ ಆರ್‌ಸಿಸಿಬಿ ತಪ್ಪಿಸಿ ‘ಡೈರೆಕ್ಟ್ ಮಾಡಿಬಿಡುತ್ತೇನೆ’ ಎಂದರೆ, ದೋಷ ಹುಡುಕುವ ಇನ್ನೊಬ್ಬರನ್ನು ಕರೆಸಿ.