ಓದುಗರ ಪ್ರಶ್ನೆ: ದಿನಾ ಮಾಡುವ ಪ್ರಾರ್ಥನೆ ಕೊಯ್ಲು ಬಂದ ಕೂಡಲೇ ಯಾಕೆ ನಿಂತುಹೋಗುತ್ತದೆ?

ಪ್ರಶ್ನೆ: ನಾವಿರೋದು ಕೊಡಗಿನ ಸಿದ್ದಾಪುರದ ಹತ್ತಿರ ಕಾಫಿ ತೋಟದಲ್ಲಿ. ದಿನಾ ಬೆಳಗ್ಗೆ ಅರ್ಧ ಗಂಟೆ ಪ್ರಾರ್ಥನೆ ಮಾಡಬೇಕು ಅಂತ ಪ್ರತಿ ವರ್ಷ ಶುರು ಮಾಡ್ತೀನಿ. ಮಳೆಗಾಲದಲ್ಲಿ ಚೆನ್ನಾಗಿ ನಡೆಯುತ್ತೆ. ಕೊಯ್ಲು ಬಂತು ಅಂದ್ರೆ ನಿಂತೇ ಹೋಗುತ್ತೆ. ಆಮೇಲೆ ದೇವರ ಮುಂದೆ ಕೂರೋಕೇ ನಾಚಿಕೆ. ಏನು ಮಾಡಲಿ?

ಉತ್ತರ: ಅರ್ಧ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಆ ಅರ್ಧ ಗಂಟೆಯನ್ನು ನೀವು ಗೊತ್ತು ಮಾಡಿಕೊಂಡದ್ದು ಮಳೆಗಾಲದಲ್ಲಿ. ಜುಲೈಯಲ್ಲಿ ಮಳೆ ಬಿಡುವುದಿಲ್ಲ, ಕರೆಂಟ್ ಇರುವುದಿಲ್ಲ, ಹೊರಗಿನ ಕೆಲಸ ನಿಂತಿರುತ್ತದೆ. ಹೊತ್ತು ತಾನಾಗಿ ಸಿಗುತ್ತದೆ. ಡಿಸೆಂಬರಿಗೆ ಅರೇಬಿಕಾ ಕಾಫಿಯ ಕೊಯ್ಲು, ಅದು ಮುಗಿಯುವಷ್ಟರಲ್ಲಿ ರೋಬಸ್ಟಾ ತಳಿಯದ್ದು. ಕೆಲಸದವರು ಬರುವ ಮುಂಚೆ ತಿಂಡಿ ಆಗಬೇಕು, ಕಣದಲ್ಲಿ ಕಾಫಿ ಹರಡಬೇಕು. ಸಂಜೆ ಮೂಟೆ ತೂಕ ಮಾಡಿ ಲೆಕ್ಕ ಬರೆಯುವ ಹೊತ್ತಿಗೆ ಕತ್ತಲೆ. ಇದರ ಮಧ್ಯೆ ಅರ್ಧ ಗಂಟೆ ಎಲ್ಲಿಂದ ತರುತ್ತೀರಿ?

ಅದಕ್ಕೇ ನನ್ನ ಸಲಹೆ ಇಷ್ಟು: ಪ್ರಾರ್ಥನೆಯ ನಿಯಮವನ್ನು ಕೊಯ್ಲಿನ ತಿಂಗಳು ನೋಡಿ ಹಾಕಿಕೊಳ್ಳಿ. ಜನವರಿಯ ಅತಿ ಗಡಿಬಿಡಿಯ ದಿನವೂ ಆಗುವಷ್ಟು ಸಾಕು. ಮಳೆಗಾಲದಲ್ಲಿ ಇನ್ನೂ ಜಾಸ್ತಿ ಹೊತ್ತು ಸಿಕ್ಕರೆ ಸಂತೋಷವಾಗಿ ಕೂರಿ, ಆದರೆ ಅದನ್ನು ನಿಯಮ ಮಾಡಬೇಡಿ.

ಎಷ್ಟು ಸಾಕು? ಬೈಬಲಿನ ಕೀರ್ತನೆಗಳಲ್ಲಿ ಒಂದು. ಒಂದು ಸಲ ‘ಪರಲೋಕದಲ್ಲಿರುವ ನಮ್ಮ ತಂದೆಯೇ’. ಆಮೇಲೆ ಆ ದಿನ ಮನಸ್ಸಿನಲ್ಲಿರುವ ಒಬ್ಬರ ಹೆಸರು. ಇಷ್ಟೇನಾ ಅನ್ನಬೇಡಿ. ಪ್ರಾರ್ಥನೆ ಮಾಡುವುದನ್ನು ಕಲಿಸು ಎಂದು ಶಿಷ್ಯರು ಕೇಳಿದಾಗ ಯೇಸು ಕೊಟ್ಟದ್ದು ‘ನಮ್ಮ ತಂದೆಯೇ’ ಎಂಬ ಈ ಪ್ರಾರ್ಥನೆಯ ಕೆಲವು ಸಾಲು. ಬೈಬಲಿನ ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲಿ ಅದಕ್ಕೆ ಸ್ವಲ್ಪ ಮುಂಚೆಯೇ, ಮಾತು ಹೆಚ್ಚಾದರೆ ದೇವರು ಕೇಳುತ್ತಾನೆ ಅಂದುಕೊಳ್ಳಬೇಡಿ ಎಂದೂ ಹೇಳುತ್ತಾರೆ. ‘ದಿದಾಖೆ’ ಎಂಬ ಬಹಳ ಹಳೆಯ ಕ್ರೈಸ್ತ ಕೈಪಿಡಿಯೊಂದಿದೆ. ಅದರಲ್ಲಿ ಈ ಪ್ರಾರ್ಥನೆಯನ್ನು ದಿನಕ್ಕೆ 3 ಸಲ ಹೇಳಿ ಎಂದಿದೆ.

ಸ್ವಂತ ಮಾತೇ ಬರಬೇಕು, ಮನಸ್ಸು ತುಂಬಿ ಬರಬೇಕು ಎಂದು ಕಾಯುವವರು ಬೇಗ ಸೋಲುತ್ತಾರೆ. ದಣಿದ ದಿನ ಕೈ ಹಿಡಿಯುವುದು ಬಾಯಿಪಾಠ ಬಂದ ಪ್ರಾರ್ಥನೆ. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚ್ ಶುರುವಾದದ್ದು 1792ರಲ್ಲಿ, ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ಆಶ್ರಯ ಕೊಟ್ಟ ಕ್ಯಾಥೋಲಿಕ್ ಕುಟುಂಬಗಳಿಗಾಗಿ. ಊರು ಬಿಟ್ಟು ಬರುವವರು ಚರ್ಚನ್ನು ಹೊತ್ತು ತರಲಾಗುವುದಿಲ್ಲ, ಬಾಯಲ್ಲಿರುವ ಜಪವನ್ನು ಯಾರೂ ಕಸಿಯಲಾಗುವುದಿಲ್ಲ. ನನಗೆ ಆ ಚರ್ಚ್ ನೋಡಿದಾಗಲೆಲ್ಲ ಇದೇ ನೆನಪಾಗುತ್ತದೆ.

ಇನ್ನು ಹೊತ್ತು. ಐದೂವರೆಗೆ ಅಲಾರಂ ಇಡುವುದಕ್ಕಿಂತ, ಹೇಗೂ ದಿನಾ ಮಾಡುವ ಒಂದು ಕೆಲಸದ ಜೊತೆ ಪ್ರಾರ್ಥನೆಯನ್ನು ಸೇರಿಸಿ. ಬೆಳಗ್ಗೆ ಬೆಲ್ಲದ ಕಾಫಿಗೆ ನೀರಿಡುತ್ತೀರಿ ಅಲ್ವಾ? ಪಾತ್ರೆಯ ತಳದಲ್ಲಿ ಸಣ್ಣ ಗುಳ್ಳೆ ಏಳಬೇಕು, ಬೆಲ್ಲ ಕರಗಿ ನೀರು ಕುದಿಯಬೇಕು, ಪುಡಿ ಹಾಕಿ ಇಳಿಸಿ ಮುಚ್ಚಿದ ಮೇಲೆ ಗಷ್ಟು ಕೆಳಗೆ ಕೂರಬೇಕು. ಅಷ್ಟರಲ್ಲಿ 23ನೇ ಕೀರ್ತನೆಯನ್ನು ನಿಧಾನಕ್ಕೆ ಎರಡು ಸಲ ಓದಬಹುದು. ಇರುವುದು 6 ವಚನ. ಅದೂ ಆಗದಿದ್ದರೆ 117ನೆಯದು, ಎರಡೇ ವಚನ. ಬೈಬಲ್ ಅಡುಗೆಮನೆಯಲ್ಲೇ, ಕೈಗೆ ಸಿಗುವ ಕಡೆ ಇರಲಿ. ಷೋಕೇಸಿನ ಗಾಜಿನ ಹಿಂದೆ ಇಟ್ಟರೆ ತೆಗೆಯುವುದೇ ಇನ್ನೊಂದು ಕೆಲಸವಾಗುತ್ತದೆ. ಹಾಳೆಗೆ ಎಣ್ಣೆ ಕಲೆ ಆದರೆ ಆಗಲಿ ಬಿಡಿ.

ಯೇಸು ಇನ್ನೂ ಕತ್ತಲಿರುವಾಗಲೇ ಎದ್ದು ಏಕಾಂತದ ಜಾಗಕ್ಕೆ ಹೋಗಿ ಪ್ರಾರ್ಥಿಸಿದರು ಎಂದು ಮಾರ್ಕನ ಸುವಾರ್ತೆಯ 1ನೇ ಅಧ್ಯಾಯದಲ್ಲಿದೆ. ಅದನ್ನು ಓದಿ ನಸುಕಿನಲ್ಲಿ ತೋಟದೊಳಗೆ ಹೋಗಿ ಕೂರಬೇಡಿ. ನಿಮ್ಮ ಕಡೆ ಆನೆ ಓಡಾಟ ಹೇಗೆ ಅಂತ ನಿಮಗೇ ಗೊತ್ತು.

ನಾಚಿಕೆಯ ವಿಷಯ ನನಗೆ ಎಲ್ಲಕ್ಕಿಂತ ಮುಖ್ಯ. ಪ್ರಾರ್ಥನೆ ಬಿಡಿಸುವುದು ತಪ್ಪಿಹೋದ ಆ ಒಂದು ದಿನವಲ್ಲ. ‘ಇಷ್ಟು ದಿನ ಬಿಟ್ಟು ಈಗ ಯಾವ ಮುಖ ಇಟ್ಟುಕೊಂಡು ಹೋಗಲಿ’ ಅನ್ನುವ ಯೋಚನೆ ಬಿಡಿಸುತ್ತದೆ. ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿ, ಆಸ್ತಿ ಹಾಳು ಮಾಡಿಕೊಂಡು ಮನೆಗೆ ಮರಳುವ ಮಗನನ್ನು ನೋಡಿ. ತಂದೆಗೆ ಏನು ಹೇಳಬೇಕು ಎಂದು ಮೊದಲೇ ಮಾತು ಕಟ್ಟಿಕೊಂಡು ಹೊರಟಿರುತ್ತಾನೆ. ತಂದೆ ದೂರದಿಂದಲೇ ಕಂಡು ಓಡಿಬಂದು ಅಪ್ಪಿಕೊಳ್ಳುತ್ತಾನೆ, ಆ ಮಾತನ್ನು ಪೂರ್ತಿ ಹೇಳುವುದಕ್ಕೂ ಬಿಡುವುದಿಲ್ಲ. ಹಾಗಾಗಿ ತಪ್ಪಿದ ದಿನಗಳ ಬಾಕಿ ತೀರಿಸಲು ಹೋಗಬೇಡಿ. ನಾಲ್ಕು ದಿನ ಬಿಟ್ಟುಹೋಯಿತು ಎಂದು ಐದನೇ ದಿನ ನಾಲ್ಕು ಕೀರ್ತನೆ ಜಾಸ್ತಿ ಓದುವುದೂ ಬೇಡ. ಆ ದಿನದ್ದನ್ನು ಓದಿ, ಸಾಕು.

ಸಂಜೆ ಮನೆಯವರೆಲ್ಲ ಸೇರಿ ಜಪಸರ (ಮಣಿ ಎಣಿಸುತ್ತಾ ಹೇಳುವ ಪ್ರಾರ್ಥನೆ) ಮಾಡುವ ರೂಢಿ ಇದ್ದರೆ ಅದನ್ನು ಬಿಡಬೇಡಿ. ‘ರಹಸ್ಯ’ ಎನ್ನುವ ಅದರ ಐದೂ ಭಾಗ ಆಗದ ದಿನ ಒಂದೇ ಸಾಕು, ಅಂದರೆ ‘ನಮೋ ಮರಿಯಾ’ ಪ್ರಾರ್ಥನೆ 10 ಸಲ. ನೀವು ಇನ್ನೂ ತೂಕದ ಹತ್ತಿರ ಇದ್ದರೆ ಮಕ್ಕಳೇ ಶುರು ಮಾಡಲಿ. ನೀವು ಬಂದಾಗ ಎಲ್ಲಿಗೆ ಬಂದಿದೆಯೋ ಅಲ್ಲಿಂದ ಸೇರಿಕೊಳ್ಳಿ.