ಮುನ್ನೂರು ಗಜದಾಚೆಯ ಗುರಿಗೆ ಕಾರ್ಖಾನೆಯ ಕೋವಿ

ಅಮೆರಿಕದ ಸೌತ್ ಡಕೋಟ, ವಯೋಮಿಂಗ್, ಮೊಂಟಾನ ರಾಜ್ಯಗಳ ಹುಲ್ಲುಗಾವಲಿನಲ್ಲಿ ಬಿಲ ತೋಡಿಕೊಂಡು ಗುಂಪಾಗಿ ಬದುಕುವ ಪ್ರೇರಿ ಡಾಗ್ ಹೆಸರಿಗಷ್ಟೇ ನಾಯಿ. ಅದು ಅಳಿಲಿನ ಕುಟುಂಬಕ್ಕೆ ಸೇರಿದ, ಸುಮಾರು ಒಂದು ಕಿಲೋ ತೂಗುವ ಪ್ರಾಣಿ. ದನಗಳ ಮೇವಿನಲ್ಲಿ ಪಾಲು ಕೇಳುತ್ತದೆ ಎಂಬ ಕಾರಣಕ್ಕೆ ಅಲ್ಲಿನ ದನಗಾಹಿ ರೈತರು ಅದನ್ನು ‘ವಾರ್ಮಿಂಟ್’, ಅಂದರೆ ಪೀಡೆ ಪ್ರಾಣಿ ಎಂದು ಕರೆಯುತ್ತಾರೆ. ನಮ್ಮ ಮಲೆನಾಡಿನಲ್ಲಿ ಪೀಡೆ ಎಂದೊಡನೆ ನೆನಪಾಗುವುದು ಗದ್ದೆಗೆ ನುಗ್ಗುವ ಹಂದಿ. ಅದು ದೊಡ್ಡದು, ಹತ್ತಿರ ಬರುವಂಥದ್ದು. ಅದರ ಬೇಟೆಗೆ 1972ರ ವನ್ಯಜೀವಿ ಕಾಯ್ದೆಯ ಕಟ್ಟುಪಾಡೂ ಇದೆ. ಪ್ರೇರಿ ಡಾಗ್ ಬೇಟೆಯಲ್ಲಿ ಗುರಿ ಅಂಗೈಯಗಲದ್ದು, ದೂರ ಇನ್ನೂರು ಮುನ್ನೂರು ಗಜ. ಆದ್ದರಿಂದ ಈ ಕೆಲಸಕ್ಕೆ ಅಂಗಡಿಯಿಂದ ಕೋವಿ ಆರಿಸುವವರು ಅದರ ಬಲಕ್ಕಿಂತ ಮೊದಲು ನೋಡಬೇಕಾದದ್ದು, ಹಾರಿಸಿದ ಪ್ರತಿ ಗುಂಡನ್ನೂ ಅದು ಒಂದೇ ದಾರಿಯಲ್ಲಿ ಕಳಿಸುತ್ತದೆಯೇ ಎಂಬುದನ್ನು.

ಒಂದೇ ಏಟಿಗೆ, ನರಳಾಟವಿಲ್ಲದೆ ಪ್ರಾಣ ಹೋಗಬೇಕಾದರೆ ಗುಂಡು ಬೀಳಬೇಕಾದ ಜಾಗ ಐದಾರು ಸೆಂಟಿಮೀಟರ್ ಅಗಲದ್ದು. ಕೋವಿಯ ನಿಖರತೆಯನ್ನು ಅಳೆಯುವುದು ಕೋನದ ನಿಮಿಷದಲ್ಲಿ, ಅಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಲ್ಲಿ. ಈ ಒಂದು ನಿಮಿಷ ನೂರು ಮೀಟರಿನಲ್ಲಿ 2.9 ಸೆಂಟಿಮೀಟರ್ ಆಗುತ್ತದೆ, ಮುನ್ನೂರು ಗಜದಲ್ಲಿ, ಅಂದರೆ 274 ಮೀಟರಿನಲ್ಲಿ, ಎಂಟು ಸೆಂಟಿಮೀಟರ್. ಗುಂಡುಗಳನ್ನೆಲ್ಲ ಇಷ್ಟು ಅಗಲದೊಳಗೆ ಬೀಳಿಸುವ ‘ಒಂದು ನಿಮಿಷದ’ ಕೋವಿ ಜಿಂಕೆಯ ಬೇಟೆಗೆ ಧಾರಾಳವಾಗಿ ಸಾಕು, ಇಲ್ಲಿ ಸಾಲದು. ಅರ್ಧ ನಿಮಿಷದ ಆಸುಪಾಸಿನಲ್ಲಿರಬೇಕು. ತಯಾರಕರ ಭರವಸೆಯನ್ನು ಓದುವಾಗ ಎಷ್ಟು ಗುಂಡು ಹಾರಿಸಿ ಅಳೆದರು ಎಂಬುದನ್ನೂ ಕೇಳಬೇಕು. ಸಂಭವನೀಯತೆಯ ಗಣಿತದ ಪ್ರಕಾರ, ಅದೇ ಕೋವಿಯಿಂದ ಹಾರಿಸಿದ ಮೂರು ಗುಂಡುಗಳ ಹರವು ಐದು ಗುಂಡುಗಳ ಹರವಿನ ಸರಾಸರಿ ಐದನೇ ನಾಲ್ಕು ಭಾಗದಷ್ಟೇ ಇರುತ್ತದೆ. ಕೋವಿ ಬದಲಾಗಿಲ್ಲ, ಎಣಿಕೆ ಬದಲಾಗಿದೆ ಅಷ್ಟೆ.

ಇನ್ನು ತೋಟಾ. ಅದರ ಹೆಸರಿನ ಮೊದಲ ಅಂಕಿ ಸುಮಾರಾಗಿ ಗುಂಡಿನ ವ್ಯಾಸ, ಅಂಗುಲದಲ್ಲಿ. 1930ರ ದಶಕದ .22 ಹಾರ್ನೆಟ್ ಮತ್ತು .220 ಸ್ವಿಫ್ಟ್, 1964ರ .223 ರೆಮಿಂಗ್ಟನ್, 1965ರಲ್ಲಿ ಕಾರ್ಖಾನೆಯ ತೋಟಾ ಆದ .22-250, 2004ರ .204 ರೂಗರ್, ಇವೆಲ್ಲವೂ ಹಗುರ ಗುಂಡನ್ನು ವೇಗವಾಗಿ ಕಳಿಸುವ ಒಂದೇ ತತ್ವದ ಮೇಲೆ ನಿಂತಿವೆ. .22-250ರ ಮೂರೂವರೆ ಗ್ರಾಂ ಗುಂಡು ಸೆಕೆಂಡಿಗೆ ಸುಮಾರು 1,120 ಮೀಟರ್ ವೇಗದಲ್ಲಿ ನಳಿಗೆ ಬಿಡುತ್ತದೆ. ಗಾಳಿಯ ಅಡೆತಡೆ ಇಲ್ಲದಿದ್ದರೆ ಅದು ಮುನ್ನೂರು ಗಜವನ್ನು 0.245 ಸೆಕೆಂಡಿನಲ್ಲಿ ದಾಟಬೇಕು. ನಿಜವಾಗಿ ಹಿಡಿಯುವುದು 0.315 ಸೆಕೆಂಡಿನಷ್ಟು. ಈ ತಡ, ಅಂದರೆ 0.07 ಸೆಕೆಂಡು, ಬಹಳ ಮುಖ್ಯ. ಅಡ್ಡಗಾಳಿ ಗುಂಡನ್ನು ಎಷ್ಟು ದೂರ ಸರಿಸುತ್ತದೆ ಎಂಬುದು ಗಾಳಿಯ ವೇಗವನ್ನು ಈ ತಡದಿಂದ ಗುಣಿಸಿದಷ್ಟು. ಸೆಕೆಂಡಿಗೆ ನಾಲ್ಕು ಮೀಟರಿನ ಗಾಳಿ, ಹುಲ್ಲು ತೂಗಾಡುವಷ್ಟೇ ಗಾಳಿ, ಗುಂಡನ್ನು 28 ಸೆಂಟಿಮೀಟರ್ ಪಕ್ಕಕ್ಕೆ ಒಯ್ಯುತ್ತದೆ; ಪ್ರೇರಿ ಡಾಗ್‌ನ ಮೈಯಗಲ ಅದರ ಅರ್ಧದಷ್ಟೂ ಇಲ್ಲ. ಗುಂಡು ಕೆಳಗಿಳಿಯುವುದನ್ನು ದೂರ ಅಳೆದು ಲೆಕ್ಕ ಹಾಕಬಹುದು, ಗಾಳಿಯನ್ನು ಮಾತ್ರ ಪ್ರತಿ ಸಲವೂ ಅಂದಾಜಿಸಲೇಬೇಕು. ವೇಗದ ತೋಟಾದ ನಿಜವಾದ ಲಾಭ ಈ ಅಂದಾಜಿನ ತಪ್ಪನ್ನು ಸಣ್ಣದಾಗಿಸುವುದರಲ್ಲಿದೆ.

ಆದರೂ ಮೊದಲ ಕೋವಿಗೆ .223 ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. .22-250 ಸುಡುವ ಮದ್ದು .223ರ ಹೆಚ್ಚುಕಡಿಮೆ ಒಂದೂವರೆ ಪಟ್ಟು, ಮತ್ತು ಆ ಉರಿಯೆಲ್ಲ ಹಾಯುವುದು ಐದೂವರೆ ಮಿಲಿಮೀಟರಿನ ಅದೇ ಕೊಳವೆಯಲ್ಲಿ. ಪ್ರೇರಿ ಡಾಗ್ ಬೇಟೆಯಲ್ಲಿ ಒಂದೇ ಬೆಳಗಿನಲ್ಲಿ ಹತ್ತಾರು ಗುಂಡು ಹಾರುತ್ತವೆ. ನಳಿಗೆಯ ಬಾಯಿಕಟ್ಟು, ಅಂದರೆ ತೋಟಾ ಕೂರುವ ಕೊಠಡಿಗೆ ಹೊಂದಿಕೊಂಡ ಒಳಭಾಗ, ಬೇಗ ಸವೆಯುತ್ತದೆ. ತೆಳು ನಳಿಗೆಯಾದರೆ ಬಿಸಿಯೇರಿದಂತೆ ಉಕ್ಕಿನೊಳಗಿನ ಒತ್ತಡಗಳು ಅದನ್ನು ಕೂದಲೆಳೆಯಷ್ಟು ಬಾಗಿಸಿ, ಗುಂಡು ಬೀಳುವ ಜಾಗ ಮೆಲ್ಲನೆ ಸರಿಯತೊಡಗುತ್ತದೆ. ಅದಕ್ಕೇ ಈ ಕೋವಿಗಳಿಗೆ ದಪ್ಪ ನಳಿಗೆ. ಸರಳಿನ ಬಿಗಿತ ವ್ಯಾಸದ ನಾಲ್ಕನೇ ಘಾತದಂತೆ ಏರುವುದರಿಂದ, ನಳಿಗೆ ಐದನೇ ಒಂದು ಭಾಗ ದಪ್ಪವಾದರೆ ಬಿಗಿತ ಎರಡು ಪಟ್ಟಾಗುತ್ತದೆ. ಹೊತ್ತು ಅಲೆಯುವವರಿಗೆ ಆ ಭಾರ ಶಿಕ್ಷೆಯೇ. ಒಂದೆಡೆ ಕುಳಿತು ಮರಳುಚೀಲದ ಮೇಲಿಟ್ಟು ಗುರಿಯಿಡುವವರಿಗೆ ಅದೇ ಅನುಕೂಲ.

ನಳಿಗೆಯೊಳಗಿನ ಸುರುಳಿಗೆರೆಯ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ. ಗುಂಡು ಬುಗುರಿಯಂತೆ ತಿರುಗಿದರೆ ಮಾತ್ರ ಮೂತಿ ಮುಂದಾಗಿ ಹಾರುತ್ತದೆ. ಹದಿನಾಲ್ಕು ಅಂಗುಲಕ್ಕೆ ಒಂದು ಸುತ್ತು ಎಂಬುದು .22-250ರ ಹಳೆಯ ವಾಡಿಕೆ. ಅದರಲ್ಲೇ ಗುಂಡು ನಿಮಿಷಕ್ಕೆ ಸುಮಾರು 1,90,000 ಸಲ ತಿರುಗುತ್ತದೆ. ಇಂಗ್ಲೆಂಡಿನ ಗಣಿತಜ್ಞ ಜಾರ್ಜ್ ಗ್ರೀನ್‌ಹಿಲ್ 1879ರಲ್ಲಿ ಕೊಟ್ಟ ಸೂತ್ರದಂತೆ, ಗುಂಡು ಉದ್ದವಾದಷ್ಟೂ ಸುತ್ತು ಬಿಗಿಯಾಗಬೇಕು. ಇದು ಈಗ ಇನ್ನೊಂದು ಕಾರಣಕ್ಕೆ ಮುಖ್ಯವಾಗಿದೆ. ಸೀಸದ ಗುಂಡು ಸಿಡಿದ ಚೂರುಗಳು ಸತ್ತ ಪ್ರಾಣಿಯಲ್ಲಿ ಉಳಿದು, ಅದನ್ನು ತಿನ್ನುವ ಹದ್ದು ರಣಹದ್ದುಗಳಿಗೆ ವಿಷವಾಗುತ್ತವೆ. ಕ್ಯಾಲಿಫೋರ್ನಿಯ 2019ರ ಜುಲೈಯಿಂದ ಬೇಟೆಯಲ್ಲಿ ಸೀಸವನ್ನು ಪೂರ್ತಿಯಾಗಿ ನಿಷೇಧಿಸಿದೆ. ಸೀಸದ ಬದಲಿಗೆ ಬರುವ ತಾಮ್ರದ ಸಾಂದ್ರತೆ ಕಡಿಮೆ. ಅಷ್ಟೇ ತೂಕದ ಗುಂಡು ಹೆಚ್ಚು ಉದ್ದವಾಗಿರುತ್ತದೆ, ಹದಿನಾಲ್ಕು ಅಂಗುಲದ ಸುತ್ತಿನಲ್ಲಿ ಅದು ತಲೆ ತೂಗಾಡಿಸುತ್ತ ಹೋಗಬಹುದು. ಒಂಬತ್ತು ಅಂಗುಲಕ್ಕೆ ಒಂದು ಸುತ್ತಿರುವ .223 ನಳಿಗೆ ಇಂಥ ಗುಂಡಿಗೂ ಒದಗುತ್ತದೆ. ಪ್ರೇರಿ ಡಾಗ್‌ಗಳನ್ನೇ ನಂಬಿ ಬದುಕುವ ಕರಿಗಾಲಿನ ಫೆರೆಟ್ (ನೀರುನಾಯಿಯ ಕುಟುಂಬದ ಪುಟ್ಟ ಮಾಂಸಾಹಾರಿ) ನಿರ್ನಾಮವಾಯಿತೆಂದು ತಿಳಿದಿದ್ದಾಗ 1981ರಲ್ಲಿ ವಯೋಮಿಂಗ್‌ನಲ್ಲಿ ಮತ್ತೆ ಸಿಕ್ಕಿದ ಪ್ರಾಣಿ. ಆ ಬಯಲಿನ ಬದುಕು ಅಷ್ಟು ಹೆಣೆದುಕೊಂಡಿರುವಾಗ ಗುಂಡಿನ ಲೋಹ ಬೇಟೆಗಾರನ ಖಾಸಗಿ ವಿಷಯವಲ್ಲ.

ಅಂಗಡಿಯಲ್ಲಿ ಮಾಡಬಹುದಾದ ಪರೀಕ್ಷೆಯೊಂದಿದೆ. ಗುಂಡು ಹಾರಿದಾಗ ನಳಿಗೆ ಮಿಡಿದ ತಂತಿಯಂತೆ ಕಂಪಿಸುತ್ತದೆ. ಕಂಪನ ಪ್ರತಿ ಸಲ ಒಂದೇ ಬಗೆಯದಾಗಿರಬೇಕಾದರೆ ನಳಿಗೆ ಕೆಳಗಿನ ಹಿಡಿಕೆಯನ್ನು ಮುಟ್ಟಬಾರದು. ಕೋವಿ ಖಾಲಿಯಿದೆಯೆಂದು ಖಚಿತಪಡಿಸಿಕೊಂಡು, ಒಂದು ಡಾಲರ್ ನೋಟನ್ನು ನಳಿಗೆಯ ಅಡಿಗೆ ಸುತ್ತಿ, ಎರಡೂ ತುದಿ ಹಿಡಿದು ಹಿಂದಕ್ಕೆ ಎಳೆಯುತ್ತ ಬರಬೇಕು. ತೋಟಾ ಕೂರುವ ಕೊಠಡಿಯ ಹತ್ತಿರದವರೆಗೆ ಅದು ಸಲೀಸಾಗಿ ಜಾರಬೇಕು. ಆಮೇಲೆ ಮರಳುಚೀಲದ ಮೇಲೆ ಒರಗಿಸಿದಾಗ ಬೀಳುವ ಭಾರದಂತೆ ಹಿಡಿಕೆಯ ಮುಂತುದಿಯನ್ನು ಕೈಯಿಂದ ಒತ್ತಿ, ನೋಟನ್ನು ಮತ್ತೊಮ್ಮೆ ಎಳೆಯಬೇಕು. ಅಗ್ಗದ ಪ್ಲಾಸ್ಟಿಕ್ ಹಿಡಿಕೆಗಳು ಬಾಗಿ ನೋಟು ಸಿಕ್ಕಿಕೊಳ್ಳುವುದು ಈ ಎರಡನೇ ಸಲದಲ್ಲೇ.