ಬರ ತಡೆಯುವ ಮರ ಅಂದಮೇಲೆ ನೀರು ಯಾಕೆ ಹಾಕಬೇಕು?

ಓದುಗರ ಪ್ರಶ್ನೆ: ನಮ್ಮೂರಿನ ಶಾಲೆ ಪಕ್ಕದ ಒಂದು ಎಕರೆಯಲ್ಲಿ ಸ್ಥಳೀಯ ಮರಗಳ ಆರ್ಬೊರೇಟಂ (ಬಗೆಬಗೆಯ ಮರ ಬೆಳೆಸಿ ತೋರಿಸುವ ತೋಟ) ಮಾಡಬೇಕು ಅಂತಿದ್ದೇವೆ. ಬೋರ್‌ವೆಲ್ ಇಲ್ಲ. ಬರ ತಡೆಯುವ ಜಾತಿಗಳನ್ನೇ ನೆಟ್ಟರೆ ನೀರಿನ ಚಿಂತೆ ಇರಲ್ಲ, ಅಲ್ವಾ?

ಇರುತ್ತದೆ, ಆದರೆ ಎರಡು ಬೇಸಿಗೆ ಮಾತ್ರ. ಬರ ತಡೆಯುವುದು ಬೆಳೆದ ಮರ, ಸಸಿಯಲ್ಲ. ಬನ್ನಿ ಮರದ ಬೇರು 20 ಮೀಟರಿಗಿಂತ ಆಳಕ್ಕೂ ಇಳಿಯಬಲ್ಲದು. ಅದಕ್ಕೇ ಕಡು ಬೇಸಿಗೆಯಲ್ಲೂ ಅದು ಹಸಿರಾಗಿರುತ್ತದೆ. ನೀವು ನರ್ಸರಿಯಿಂದ ತರುವ ಬನ್ನಿ ಸಸಿಯ ಬೇರು ಒಂದು ಗೇಣು. ಮಾರ್ಚಿನಲ್ಲಿ ಮೇಲ್ಮಣ್ಣು ಒಣಗಿದರೆ ಅದರ ಕಥೆ ಮುಗಿಯಿತು.

ಚಿತ್ರದುರ್ಗ, ತುಮಕೂರು ಕಡೆಯ ಒಣಕಾಡಿನ ಕಮರ ಮರವನ್ನೇ ನೋಡಿ. ಬೀಜ ಮೊಳೆತ ಮೇಲೆ ಮೇಲಕ್ಕೆ ಏಳುವ ಅವಸರವೇ ಅದಕ್ಕಿಲ್ಲ. ತಾಯಿಬೇರು ಮಾತ್ರ ಸದ್ದಿಲ್ಲದೆ ಕೆಳಗೆ ಓಡುತ್ತಿರುತ್ತದೆ. ನಾಲ್ಕೇ ಎಲೆ ಕಂಡು ‘ಇದು ಏಳಲ್ಲ’ ಅಂತ ಕಿತ್ತು ಬಿಸಾಕುವವರೂ ಇದ್ದಾರೆ! ಇಂಥ ಗಿಡವನ್ನು ಪ್ಲಾಸ್ಟಿಕ್ ಚೀಲದಲ್ಲಿ ಜಾಸ್ತಿ ದಿನ ಇಟ್ಟರೆ ಬೇರಿಗೆ ಇಳಿಯಲು ಜಾಗವಿಲ್ಲ. ಚೀಲ ಹರಿದು ತಳ ನೋಡಿ. ಬೇರು ಸಿಂಬೆಯ ಹಾಗೆ ಸುತ್ತಿಕೊಂಡಿದ್ದರೆ ಆ ಗಿಡ ಬೇಡ. ಎತ್ತರದ ಸಸಿಗೆ ಮರುಳಾಗಬೇಡಿ, ಚಿಕ್ಕದೇ ವಾಸಿ. ಹೊಂಗೆಗೆ ಸಸಿಯ ಗೋಜೂ ಬೇಡ, ಬೀಜವನ್ನೇ ಗುಣಿಗೆ ಹಾಕಬಹುದು. ಬೇವೂ ಹಾಗೆಯೇ, ಆದರೆ ಅದರ ಬೀಜ ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಹಣ್ಣು ಉದುರಿದಾಗ ಆರಿಸಿ, ತಡಮಾಡದೆ ಬಿತ್ತಿ.

ಇನ್ನು ನೀರಿನ ಲೆಕ್ಕ. ಆರ್ಬೊರೇಟಂ ಅಂದರೆ ಒತ್ತೊತ್ತಾಗಿ ನೆಟ್ಟ ಕಾಡಲ್ಲ. ಪ್ರತಿ ಮರವೂ ಕೊಂಬೆ ಚಾಚಿ ತನ್ನ ಪೂರ್ತಿ ಆಕಾರ ತೋರಿಸಬೇಕು. ಹತ್ತು ಮೀಟರಿಗೊಂದರಂತೆ ಎಕರೆಗೆ ಸುಮಾರು 40 ಮರ ಹಿಡಿಯುತ್ತವೆ. ವಾರಕ್ಕೊಮ್ಮೆ ಗಿಡಕ್ಕೆ 15 ಲೀಟರ್ ಅಂದರೂ 600 ಲೀಟರ್. ಒಂದು ಟ್ರ್ಯಾಕ್ಟರ್ ಟ್ಯಾಂಕರ್ ನೀರು ತರಿಸಿ ತುಂಬಿಟ್ಟುಕೊಂಡರೆ ಕೆಲವು ವಾರ ಸಾಗುತ್ತದೆ. ಪಾತಿಗೆ ನಿಧಾನವಾಗಿ ಹಾಕಿ, ಆಳಕ್ಕೆ ಇಂಗಲಿ. ದಿನಾ ಒಂದೊಂದು ಚೊಂಬು ಸುರಿಯುವ ಅಭ್ಯಾಸ ಬೇಡ. ನೀರು ಮೇಲೇ ಉಳಿದರೆ ಬೇರೂ ಮೇಲೇ ಉಳಿಯುತ್ತದೆ. ಪಾತಿಯ ಮೇಲೆ ಒಣ ಎಲೆ ಹೊದಿಸಿ, ಕಾಂಡಕ್ಕೆ ತಾಗದಿರಲಿ. ನೆಡುವುದು ಮುಂಗಾರಿನಲ್ಲೇ.

ಮುತ್ತುಗ ಬೇಸಿಗೆ ಹತ್ತಿರವಾದಾಗ ಎಲೆ ಉದುರಿಸಿ ಬೋಳಾದರೆ ಗಾಬರಿ ಬೇಡ. ಎಲೆಯ ಮೂಲಕ ಆರಿಹೋಗುವ ನೀರನ್ನು ಅದು ಹಾಗೆ ಉಳಿಸಿಕೊಳ್ಳುತ್ತದೆ.

‘ಬಳ್ಳಾರಿ ಜಾಲಿಯೂ ಬರ ತಡೆಯುತ್ತದಲ್ಲ?’ ಅಂತ ಸಮಿತಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ತಡೆಯುತ್ತದೆ, ಒಪ್ಪೋಣ. ಆದರೆ ಅದು ಅಮೆರಿಕ ಖಂಡದ ಮರ, ಸ್ಥಳೀಯವಲ್ಲ. ದನಕರು ಅದರ ಕಾಯಿ ತಿಂದು ಸಗಣಿಯಲ್ಲಿ ಬೀಜ ಹರಡಿ, ಎಷ್ಟೋ ಕೆರೆ ಅಂಗಳ ಅದರದೇ ಆಗಿಹೋಗಿದೆ. ನಿಮ್ಮ ಜಾಗದಲ್ಲಿ ಈಗಾಗಲೇ ಇದ್ದರೆ ಸುಮ್ನೆ ಕಡಿದು ಬಿಡಬೇಡಿ, ಬುಡದಿಂದ ಮತ್ತೆ ಚಿಗುರುತ್ತದೆ. ಗುಣಿ ತೋಡುವ ಮೊದಲೇ ಬೇರುಸಮೇತ ಕೀಳಿಸಿ.